ಪಾಳ್ಯದಲ್ಲಿ ನುಡಿಸಿದ ಬ್ಯಾಂಡು

ಸಕಲೇಶಪುರ

ಪ್ರಾಂಶುಪಾಲರಿಗೆ ನಮಸ್ಕಾರ.

ನೀವು ಕೇಳಿದ ಕ್ಷಮಾಪಣೆ ಪತ್ರವನ್ನು ನಾನು ಬರೆಯುವುದಿಲ್ಲ. ನಡೆದದ್ದನ್ನು ಬರೆಯುತ್ತೇನೆ.

ನಮ್ಮ ಕಾಲೇಜಿನ ಎನ್‌ಸಿಸಿ ಬ್ಯಾಂಡನ್ನು ಕಟ್ಟಿದವರು ಸೈನ್ಯದ ಬ್ಯಾಂಡಿನಲ್ಲಿದ್ದು ನಿವೃತ್ತರಾದ ರಂಗಸ್ವಾಮಿ ಮೇಷ್ಟ್ರು. ಹುಡುಗಿಗೆ ದೊಡ್ಡ ಡ್ರಮ್ ಯಾಕೆ ಎಂದು ಎಲ್ಲರೂ ನಕ್ಕಾಗ ಅವರು ಅದನ್ನು ನನ್ನ ಕೊರಳಿಗೇ ಹಾಕಿದರು. ಹೋದ ಸೋಮವಾರ ಅವರು ತಮ್ಮ ಊರು ಪಾಳ್ಯದಲ್ಲಿ ತೀರಿಕೊಂಡರು. ಬ್ಯಾಂಡು ಕಾಲೇಜಿನ ಸಮಾರಂಭಕ್ಕೆ ಮಾತ್ರ ಎಂದು ಅವರ ಅಂತಿಮಯಾತ್ರೆಯಲ್ಲಿ ನುಡಿಸಲು ನೀವು ಅನುಮತಿ ಕೊಡಲಿಲ್ಲ. ಆದರೂ ನಾವು ಸಮವಸ್ತ್ರ ತೊಟ್ಟು, ಡ್ರಮ್ಮುಗಳನ್ನು ಹೊತ್ತು ಬಸ್ಸು ಹತ್ತಿದೆವು.

ಅವರ ಅಂಗಳದಲ್ಲಿ ನುಡಿಸುವಾಗ ಅಳು ಬಂದು ನನ್ನ ಕೈ ನಿಂತಿತು. ಅವರ ಹೆಂಡತಿ ಚೆಲುವಮ್ಮ, "ನಿಲ್ಲಿಸ್ಬ್ಯಾಡ ಕಣವ್ವ, ಅವ್ರಿಗೆ ಕೇಳ್ಲಿ" ಅಂದರು. ಮಣ್ಣು ಮಾಡುವ ಜಾಗದವರೆಗೂ ನಾವು ನಿಲ್ಲಿಸಲಿಲ್ಲ.

ಎಲ್ಲರನ್ನೂ ಕರೆದೊಯ್ದವಳು ನಾನು. ಉಳಿದವರಿಗೆ ಶಿಕ್ಷೆ ಬೇಡ. ಬ್ಯಾಂಡಿನ ಕೋಣೆಗೆ ಹಾಕಿಸಿದ ಬೀಗವನ್ನು ದಯವಿಟ್ಟು ತೆಗೆಸಿ, ಸ್ವಾತಂತ್ರ್ಯ ದಿನದ ಅಭ್ಯಾಸ ನಿಂತಿದೆ. ಹೊಸ ಕೆಡೆಟ್‌ಗಳಿಗೆ ಕಲಿಸಲು ಈಗ ಮೇಷ್ಟ್ರಿಲ್ಲ. ನನ್ನನ್ನು ಒಳಗೆ ಬಿಡದಿದ್ದರೆ ಗೇಟಿನ ಹೊರಗೆ ನಿಂತು ನಾನೇ ಕಲಿಸುತ್ತೇನೆ.

ನೀವು ಎನ್‌ಸಿಸಿ ಪಟ್ಟಿಯಿಂದ ಹೆಸರು ಹೊಡೆದು ಹಾಕಿದರೂ ಕೆಡೆಟ್ಟೇ ಆಗಿರುವ,
ಆಸ್ಫಿಯಾ