ಕಡೇ ಹಾಳೆ ಕುಯ್ದ ಪುಸ್ತಕಗಳು

೧೯೫೯ ಜೂನ್ ೮, ಸೋಮವಾರ

ಮಾರಿಕುಪ್ಪಂ ಗಾಡಿ ಇವತ್ತೂ ಲೇಟು. ಬಂಗಾರಪೇಟೆ ಪ್ಲಾಟ್‌ಫಾರಂ ಮೇಲೆ ನಿಂತೇ ಅಂಬಿಗನ ಕಾದಂಬರಿಯ ಎರಡು ಅಧ್ಯಾಯ ಮತ್ತೆ ಓದಿದೆ. ಎಷ್ಟನೇ ಸಲವೋ. ಹೊರಡುವಾಗ ಅಮ್ಮಾಜಮ್ಮ ಅಂದಳು — "ನೀರೇ ಇಲ್ದಿರೋ ಸೀಮೇಲಿ ದೋಣಿ ಕತೆ ಓದೋ ಗಂಡ್ಸು ನೀವೊಬ್ರೇ." ಹೆಂಡತಿಯ ಬಾಯಿ. ದಿನಾ ನದಿ ನೋಡುವವನಿಗೆ ದೋಣಿ ಕಥೆ ಯಾಕೆ ಬೇಕು?

ಊರಿಗಾಂನಲ್ಲಿ ಇಳಿದು ಟಿಂಬರ್ ಯಾರ್ಡ್ ಆಫೀಸು. ಮರ ಬಂತು, ಮರ ಚಿನ್ನದ ಗಣಿಗೆ ಇಳಿಯಿತು. ಅಷ್ಟೇ ನನ್ನ ಗುಮಾಸ್ತಿಕೆ. ಲಂಚ್ ಅವರ್‌ನಲ್ಲಿ ಗಣಿ ಕೆಲಸಗಾರರ ವಾಚನಾಲಯದ ಬೀಗ ತೆಗೆದೆ. ಒಂದು ಕೋಣೆ, ಎರಡು ಬೀರು, ಒಂದು ಬೆಂಚು, ಸಂಬಳವಿಲ್ಲದ ಲೈಬ್ರೇರಿಯನ್ ನಾನು. ನಿಯಮ ಎಲ್ಲರಿಗೂ ಗೊತ್ತು. ಯಾರಿಗೆ ಯಾವ ಪುಸ್ತಕ ಅಂತ ಆರಿಸುವವನು ನಾನು. ಹಿಂದಿನದರ ಬಗ್ಗೆ ಎರಡು ಮಾತು ಹೇಳಿದ ಮೇಲೇ ಮುಂದಿನದು. ಕಥೆಯ ಕೊನೆ ಮಾತ್ರ ನನ್ನನ್ನು ಕೇಳಬಾರದು. ಹೇಳಿದರೆ ನನ್ನ ನಾಲಿಗೆ ಬಿದ್ದುಹೋಗಲಿ.

ಮುನಿನಾರಾಯಣಪ್ಪ ಬಂದಿದ್ದ. ಕೆಳಗೆ ಬಂಡೆ ಕೊರೆಯುವ ಡ್ರಿಲ್ಲರ್. ಓದುಗ ಅಂದರೆ ಅವನು! ನಾನು ಕೊಟ್ಟದ್ದನ್ನು ತಾನು ಓದಿ, ಕೆಳಗೆ ಟಿಫಿನ್ ಹೊತ್ತಿನಲ್ಲಿ ಇಡೀ ಗ್ಯಾಂಗಿಗೆ ಹೇಳುತ್ತಾನೆ. ಅರ್ಧ ತಮಿಳು, ಅರ್ಧ ತೆಲುಗು, ಬೈಗುಳ ಬಂದಾಗ ಮಾತ್ರ ಕನ್ನಡ. "ಅಪ್ಪುರಂ, ಅಪ್ಪುರಂ, ಆಮೇಲೇನಾಯ್ತು ಅಂತ ಪ್ರಾಣ ತಿಂತಾರೆ ಸಾ. ಮೇಸ್ತ್ರಿ ಕೂಗಿದ್ರೂ ಏಳಾಕಿಲ್ಲ." ಹೋದ ಸಲ ಒಯ್ದಿದ್ದ ಪತ್ತೇದಾರಿ ಕಾದಂಬರಿಯ ಬಗ್ಗೆ ಚೆನ್ನಾಗಿ ಮಾತಾಡಿದ. ಕೊನೆ ಹೇಗನ್ನಿಸಿತು ಅಂದರೆ ತಲೆ ಕೆರೆದುಕೊಂಡ. "ಕೊನೆ ಇಚಾರ ಬುಡಿ ಸಾ. ಇನ್ನೊಂದು ಕೊಡಿ." ಯಾವಾಗಲೂ ಇದೇ. ಅಕ್ಕತಂಗಿಯರ ಕಾದಂಬರಿ ಕೊಟ್ಟು ಕಳಿಸಿದೆ.

ಜೂನ್ ೧೭

ಇದೇನು ಅನ್ಯಾಯ! ಕೆಂಪು ರಟ್ಟಿನ ಪತ್ತೇದಾರಿಯಲ್ಲಿ ಕಡೇ ಹಾಳೆಯೇ ಇಲ್ಲ. ಕೊಲೆ ಮಾಡಿದವನ ಹೆಸರು ಇರುವ ಹಾಳೆ! ಹರಿದಿಲ್ಲ — ಬ್ಲೇಡ್ ಹಾಕಿ ನೀಟಾಗಿ ಕುಯ್ದದ್ದು. ಬೀಡಿ ಹಚ್ಚುವವನು ಇಷ್ಟು ನೀಟಾಗಿ ಕುಯ್ಯುವುದಿಲ್ಲ. ಬೀರುವಿನಲ್ಲಿದ್ದುದನ್ನೆಲ್ಲ ಬೆಂಚಿನ ಮೇಲೆ ಹರವಿಕೊಂಡು ನೋಡಿದೆ. ಇನ್ನೊಂದು. ಮತ್ತೊಂದು... ಕೊನೆ ಕೇಳಬಾರದು ಅನ್ನುವ ನನ್ನ ನಿಯಮಕ್ಕೆ ಹೆದರಿ ಯಾರೂ ಹೇಳಿರಲಿಲ್ಲವೋ ಏನೋ. ಊಟದ ಡಬ್ಬಿ ತೆಗೆಯಲಿಲ್ಲ.

ಸಂಜೆ ಗಾಡಿಯಲ್ಲಿ ಹೊಳೆಯಿತು. ಹಾಳೆ ಕುಯ್ದ ಪುಸ್ತಕಗಳೆಲ್ಲ ಮುನಿನಾರಾಯಣಪ್ಪನ ಮನೆಗೆ ಹೋಗಿ ಬಂದವು. ನನ್ನ ಅತ್ಯುತ್ತಮ ಓದುಗ. ನಂಬಲಾರೆ. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ಹೇಳುವುದು?

ಜುಲೈ ೫, ಭಾನುವಾರ

ರಜೆಯ ದಿನವೂ ಗಾಡಿ ಹತ್ತಿದೆ. ಅಮ್ಮಾಜಮ್ಮ ಮುಖ ಊದಿಸಿಕೊಂಡಿದ್ದಾಳೆ. ಊದಿಸಿಕೊಳ್ಳಲಿ.

ಕೂಲಿ ಲೈನಿನಲ್ಲಿ, ಗಣಿಯವರ ಸಾಲುಮನೆಗಳ ನಡುವೆ, ಮುನಿನಾರಾಯಣಪ್ಪನ ಮನೆ. ತಡಿಕೆ ಗೋಡೆ, ಬಗ್ಗಿಯೇ ಒಳಗೆ ಹೋಗಬೇಕು. ಅವನಿರಲಿಲ್ಲ, ರೇಷನ್ನಿಗೆ ಹೋಗಿದ್ದ. ಹೆಂಡತಿ ಕದಿರಮ್ಮ ಇದ್ದಳು. ನೇರ ಕೇಳಿದೆ — ಹಾಳೆ ಕುಯ್ಯುತ್ತಿರುವವರು ಯಾರು?

ಅಳುತ್ತಾಳೆ ಅಂದುಕೊಂಡಿದ್ದೆ. ಅವಳು ಮಂಚದಡಿಯ ತಗಡಿನ ಟ್ರಂಕು ಎಳೆದು ಮುಚ್ಚಳ ತೆಗೆದಳು. ಒಳಗೆ ಹಾಳೆಗಳು. ಕಡೇ ಹಾಳೆಗಳು. ಸೀರೆಯ ಹಾಗೆ ಮಡಿಸಿ, ಮೇಲೆ ಬೇವಿನ ಸೊಪ್ಪು ಇಟ್ಟು...

"ನಾನೇ ಕುಯ್ದಿದ್ದು ಸಾ. ಪುಸ್ತಕ ಮನೇಗೆ ಬಂದೇಟ್ಗೇ ಕುಯ್ತೀನಿ. ನಂಗೆ ಓದಾಕ್ ಬರಾಕಿಲ್ಲ. ಕಡೇದು ಯಾವ್ದು ಅಂತ ಗೊತ್ತಾಯ್ತದೆ, ಅಷ್ಟು ಸಾಕು."

"ಯಾಕಮ್ಮ?"

"ನಮ್ಮಪ್ಪಾನೂ ಗಣಿಗೇ ಇಳೀತಿದ್ದ. ದಿನಾ ರಾತ್ರಿ ಒಂದು ಕತೆ ಒಸಿ ಒಸಿ ಯೋಳೋನು. ಉಳಿದಿದ್ದು ನಾಳೆ ಬಂದ್ ಯೋಳ್ತೀನಿ ಅನ್ನೋನು. ಬರೋನು. ಒಂದಿನ ನಾವು ಉಡುಗ್ರು ಅಟ ಮಾಡಿ ಕಡೇಗಂಟ ಯೋಳಿಸ್ಬುಟ್ವಿ. ಮಾರ್ನೇ ದಿನ ಇಳ್ದೋನು ಬರ್ಲೇ ಇಲ್ಲ. ಕತೆ ಅರ್ಧ ಇದ್ರೆ ಮನ್ಸ ಮೇಲಕ್ ಬರ್ಲೇಬೇಕಲ್ಲ ಸಾ? ಇವ್ರು ಇಳಿಯೋದು ಬುಟ್ ದಿನ ಎಲ್ಲಾ ಒಟ್ಗೆ ಕೊಡ್ತೀನಿ. ಕೂತ್ಕಂಡು ಓದ್ಕಳ್ಲಿ."

ಮೌಢ್ಯ! ಅದಕ್ಕೆ ನನ್ನ ಪುಸ್ತಕಗಳ ಬಲಿ! ಹಾಗೆಂದು ಕೂಗಾಡಿ ಬಂದೆ. ಅವಳು ಬೇವಿನ ಸೊಪ್ಪನ್ನು ಮತ್ತೆ ಹಾಳೆಗಳ ಮೇಲೆ ಹರವಿದಳು. ಟ್ರಂಕನ್ನು ಮತ್ತೆ ಒಳಗೆ ತಳ್ಳಿದಳು.

ಜುಲೈ ೬

ಅವನೇ ಬಂದ. ಅವನಿಗೆ ಮೊದಲಿನಿಂದಲೂ ಗೊತ್ತಂತೆ! "ಅವ್ಳಿಗೆ ಅದೊಂದು ದೈರ್ಯ ಸಾ. ನಾನ್ಯಾಕ್ ಕಿತ್ಕಳ್ಲಿ? ಕಡೇದು ಏನಾಗಿರ್ತದೆ ಅಂತ ಗ್ಯಾಂಗ್‌ನೋರೇ ಒಬ್ಬೊಬ್ರು ಒಂದೊಂದ್ ಕಟ್ತಾರೆ. ಅದೇ ಚೆಂದಾಗಿರ್ತದೆ."

ಅದೇ ಚೆಂದವಂತೆ. ಬರೆದವನ ಕೊನೆಗೆ ಬೆಲೆ ಇಲ್ಲವೇ? ಖಡಾಖಂಡಿತ ಹೇಳಿಬಿಟ್ಟೆ — ಟ್ರಂಕಿನಲ್ಲಿರುವುದೆಲ್ಲ ವಾಪಸ್ ಬರುವವರೆಗೆ ಪುಸ್ತಕವಿಲ್ಲ. ನಗುತ್ತಾ ನಿಂತಿದ್ದ. ತಮಾಷೆ ಅಂದುಕೊಂಡನೋ ಏನೋ. ಅಕ್ಕತಂಗಿಯರದು ಅವನ ಹತ್ತಿರವೇ ಇದೆ, ಇನ್ನೂ ಅರ್ಧ ಓದಬೇಕಂತೆ. ಮುಗಿಸಲಿ. ಅಲ್ಲಿಗೆ ನಿಂತಿತು.

ಜುಲೈ ೨೦, ಮಧ್ಯಾಹ್ನ

ಅಕ್ಕತಂಗಿಯರದನ್ನು ತಂದು ಮೇಜಿನ ಮೇಲೆ ಇಟ್ಟ. ಕಡೇ ಹಾಳೆ ಇಲ್ಲ, ಸರಿ. ಎರಡನೇ ಶಿಫ್ಟಿಗೆ ಹೊರಟಿದ್ದ, ಕೈಯಲ್ಲಿ ಊಟದ ಕ್ಯಾರಿಯರ್.

"ಯಾವುದಾದ್ರೂ ಒಂದು ಕೊಡಿ ಸಾ. ನಿಮ್ ಅಂಬಿಗಂದೇ ಕೊಡಿ. ಅಷ್ಟು ಒಗಳ್ತೀರಲ್ಲ."

"ಹಾಳೆಗಳು?"

"ಅವ್ಳು ಕೊಡಾಕಿಲ್ಲ ಸಾ."

"ಹಾಗಾದರೆ ನಾನೂ ಕೊಡಲ್ಲ."

"ಓಗ್ಲಿ, ಮೊದ್ಲೆರಡು ಪುಟ ಇಲ್ಲೇ ನಿಂತ್ಕಂಡ್ ಓದಿ ಓಯ್ತೀನಿ. ಏನೂ ಇಲ್ದೆ ಎಂಗ್ ಇಳಿಯೋದು?"

ಬೀರುವಿಗೆ ಬೀಗ ಹಾಕಿ ಕೀ ಜೇಬಿಗೆ ಹಾಕಿಕೊಂಡೆ. ಅವನು ನೋಡುತ್ತಿರುವಂತೆಯೇ. ಕ್ಯಾರಿಯರನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡ. ಆಮೇಲೆ "ಆಗ್ಲಿ ಸಾ" ಅಂದು ಹೋದ. ಅವನ ಮುಖದಲ್ಲಿ ಕೋಪವಿರಲಿಲ್ಲ. ಪಾಠ ಕಲಿಯಲಿ. ನಾಳೆ ಟ್ರಂಕು ಹೊತ್ತುಕೊಂಡು ಬರುತ್ತಾನೆ, ನೋಡುತ್ತಿರಿ.

ಅದೇ ದಿನ, ಸಂಜೆ

ವಾಚನಾಲಯದಲ್ಲೇ ಇದ್ದೆ. ನೆಲ ಕೆಳಗಿನಿಂದ ಒದ್ದ ಹಾಗಾಯಿತು. ಬೀಗ ಹಾಕಿದ್ದ ಬೀರುವಿನ ಬಾಗಿಲು ಗಡಗಡ ಅಲುಗಿತು, ಸೂರಿನಿಂದ ಮಣ್ಣು ಸುರಿಯಿತು. ಏರ್ ಬ್ಲಾಸ್ಟ್ — ಕೆಳಗೆಲ್ಲೋ ಬಂಡೆ ಸಿಡಿದಿದೆ. ಸಣ್ಣವು ಆಗುತ್ತಿರುತ್ತವೆ, ಪಾತ್ರೆ ಅಲುಗಿದರೆ ಯಾರೂ ತಲೆ ಎತ್ತುವುದಿಲ್ಲ. ಇದು ಹಾಗಲ್ಲ. ಸೈರನ್ ನಿಲ್ಲುತ್ತಲೇ ಇಲ್ಲ. ಲೈನಿನ ಹೆಂಗಸರೆಲ್ಲ ಗೇಟಿನ ಕಡೆ ಓಡುತ್ತಿದ್ದಾರೆ.

ಎರಡನೇ ಶಿಫ್ಟ್. ಅವನ ಗ್ಯಾಂಗ್ ಇರುವ ಕಡೆಯೇ ಅಂತೆ.

ಕೀ ಇನ್ನೂ ಜೇಬಿನಲ್ಲಿದೆ.

ಜುಲೈ ೨೧

ಮನೆಗೆ ಹೋಗಲಿಲ್ಲ. ಬೆಳಿಗ್ಗೆ ಗೇಟಿನ ಹತ್ತಿರ ಕದಿರಮ್ಮ ಕಂಡಳು. ಬೇರೆಯವರು ಎದೆ ಬಡಿದುಕೊಳ್ಳುತ್ತಿದ್ದರು. ಇವಳು ಸುಮ್ಮನೆ ಕೂತಿದ್ದಳು. ನನ್ನನ್ನು ನೋಡಿ ಎದ್ದಳು.

"ನಿಮ್ತಾವ ಬಂದೇ ಇಳ್ದಿದ್ದು ಅಲ್ವಾ ಸಾ? ಬೇರೆ ಪುಸ್ತಕ ತಕಂಡ್ ಇಳೀತೀನಿ ಅಂದಿದ್ದ. ಯಾವ್ದು ತಕಂಡ?"

ಏನು ಹೇಳಲಿ? ಜೇಬಿನ ಕೀ ಮೇಲೆ ಕೈ ಹೋಯಿತು.

"ಅಂಬಿಗಂದು" ಅಂದೆ. ಬಾಯಿ ತಾನೇ ಅಂದಿತು. "ಸ್ವಲ್ಪ ಓದಿ, ಶಿಫ್ಟ್ ಮುಗಿಸಿ ಒಯ್ತೀನಿ ಅಂತ ಅಲ್ಲೇ ಇಟ್ಟು ಹೋದ."

"ಕಡೇದು ಓದಿಲ್ಲ ತಾನೇ?"

"ಇಲ್ಲ."

ಅವಳ ಮುಖ ಸಡಿಲಾಯಿತು. ನಗುವೇ ಬಂತು ಅನ್ನಬೇಕು. "ಅಂಗಾದ್ರೆ ಬತ್ತಾನೆ ಬುಡಿ. ಆ ಕಡೇ ಹಾಳೆ ನನ್ ಕೈಗೆ ತಂದ್ಕೊಡಿ ಸಾ."

ಹೋದೆ. ಬೀಗ ತೆಗೆದೆ. ನನ್ನ ಅಂಬಿಗ... ಪೆನ್ಸಿಲ್ ಕೆತ್ತುವ ಚಾಕುವಿನಿಂದ ಕುಯ್ದೆ. ನಾನು! ಹಾಳೆಯ ಮೂಲೆ ಮಡಿಸಿದವರಿಗೂ ಬೈಯುವ ನಾನು. ಒರಟಾಗಿ ಬಂತು. ಅವಳ ಕೈಗೆ ಕೊಟ್ಟೆ. ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡು ಮತ್ತೆ ಕೂತಳು.

ನನಗೆ ಇದರಲ್ಲಿ ನಂಬಿಕೆ ಇಲ್ಲ. ಆದರೂ ಬೇಡಿಕೊಂಡೆ — ಬರಲಿ, ಬಂದುಬಿಡಲಿ ಅಂತ.

ಜುಲೈ ೨೩

ಮೇಲಕ್ಕೆ ತಂದರು. ಮುಖಕ್ಕೆ ಬಟ್ಟೆ ಮುಚ್ಚಿತ್ತು. ಕದಿರಮ್ಮ ಕೈ ನೋಡಿ ಗುರುತು ಹಿಡಿದಳು.

ಆಗಸ್ಟ್ ೨, ಭಾನುವಾರ

ಇಷ್ಟು ದಿನ ಬರೆಯಲಾಗಲಿಲ್ಲ. ವಾಚನಾಲಯದ ಬೀಗವನ್ನೂ ತೆಗೆದಿಲ್ಲ. ಅಮ್ಮಾಜಮ್ಮ ತಮಾಷೆ ಮಾಡುವುದನ್ನು ಬಿಟ್ಟಿದ್ದಾಳೆ, ಅದಕ್ಕೇ ಹೆಚ್ಚು ಹೆದರಿಕೆ.

ಇವತ್ತು ಆಸ್ಪತ್ರೆಗೆ ಹೋಗಿದ್ದೆ. ಶ್ರೀರಾಮಪ್ಪ, ಅವನ ಗ್ಯಾಂಗಿನವನು, ಕಾಲು ಮುರಿದುಕೊಂಡು ಮಲಗಿದ್ದಾನೆ. ಗ್ಯಾಂಗಿನ ಮಿಕ್ಕವರೆಲ್ಲ ಬದುಕಿಕೊಂಡರು. ಹೋದವನು ಮುನಿನಾರಾಯಣಪ್ಪ ಒಬ್ಬನೇ. ಹೇಗಪ್ಪ ಅಂತ ಕೇಳಿದೆ. ಯಾಕಾದರೂ ಕೇಳಿದೆನೋ.

"ಟಿಫಿನ್ ಟೈಮ್ ಸಾ. ಬಂಡೆ ಬೀಳ್ದಂಗೆ ದಿಮ್ಮಿ ಕೊಟ್ಟಿರೋ ಜಾಗ ಒಂದೈತೆ, ಗಟ್ಟಿ ಜಾಗ. ದಿನಾ ಅಲ್ಲೇ ಕೂತು ಕತೆ ಕೇಳೋದು. ಆವತ್ತು ಅಪ್ಪುರಂ ಅಂದ್ರೆ ಅಣ್ಣ ಬಾಯೇ ಬುಡ್ಲಿಲ್ಲ. ಏನಣ್ಣಾ ಅಂದೆ. ಇವತ್ತು ಕತೆ ಇಲ್ಲ ಕಣ್ಲಾ, ಪುಸ್ತಕ ಸಿಗ್ಲಿಲ್ಲ ಅಂದ. ಸುಮ್ನೆ ಕೂತು ಏನ್ ಮಾಡೋದು ಅಂತ ಬೇಗ ತಿಂದು ಎದ್ದು ಡ್ರಿಲ್ ಮಿಷನ್ ಕಡೆ ಓಗ್ಬುಟ್ಟ. ನಾನು ಬೀಡಿ ಸೇದಿ ಇಂದೆ ಓಯ್ತಿದ್ದೆ. ಅಷ್ಟ್ರಲ್ಲಿ..."

ಕಾಲು ತೋರಿಸಿದ.

"ಕತೆ ಇದ್ದಿದ್ರೆ ಇನ್ನೂ ಅಲ್ಲೇ ಕೂತಿರ್ತಿದ್ವಿ ಸಾ. ಮೇಸ್ತ್ರಿ ಬಂದು ಬೈಯೋಗಂಟ ಎದ್ದಿದ್ದೇ ಇಲ್ಲ ನಾವು."

ಹೊರಗೆ ಬಂದೆ. ಸ್ಟೇಷನ್ನಿಗೆ ಹೇಗೆ ನಡೆದೆನೋ ಗೊತ್ತಿಲ್ಲ. ಮೌಢ್ಯ ಅಂದಿದ್ದೆನಲ್ಲ. ಅವಳ ಮನೆಯಲ್ಲಿ ನಿಂತು ಕೂಗಾಡಿದ್ದೆನಲ್ಲ! ಅವಳು ಹೇಳಿದ್ದೇ ಆಯಿತು. ಕಥೆ ಇದ್ದರೆ ಬದುಕಿರುತ್ತಿದ್ದ. ಆ ಕಥೆಗೆ ಬೀಗ ಹಾಕಿದವನು ನಾನು.

ಆಗಸ್ಟ್ ೯, ಭಾನುವಾರ

ಕದಿರಮ್ಮ ಮನೆಗೇ ಬಂದಳು. ಊರಿಗಾಂನಿಂದ ಗಾಡಿಯಲ್ಲಿ, ಒಬ್ಬಳೇ, ಕೇಳಿಕೊಂಡು. ಅಮ್ಮಾಜಮ್ಮ ಮಜ್ಜಿಗೆ ಕೊಟ್ಟಳು. ಕುಡಿಯಲಿಲ್ಲ. ಅಂಬಿಗನ ಹಾಳೆ ತೆಗೆದು ಮಡಿಲಲ್ಲಿ ಇಟ್ಟುಕೊಂಡಳು.

"ಇದು ನನ್ ಸೊಂಟದಾಗೇ ಇತ್ತು ಸಾ. ಕತೆ ಅರ್ಧಾನೇ ಇತ್ತು. ಆದ್ರೂ ಬರ್ಲಿಲ್ಲ."

ಹಾಳೆಯ ಒರಟು ಅಂಚನ್ನು ಬೆರಳಿನಿಂದ ಸವರಿದಳು.

"ಅಂಗಾದ್ರೆ ಸುಳ್ಳು. ನಾನ್ ನಂಬ್ಕಂಡಿದ್ದೆಲ್ಲ ಸುಳ್ಳು. ಇಷ್ಟ್ ವರ್ಸ ಸುಮ್‌ಸುಮ್ನೆ ಅವ್ನ ಕತೆಗಳ ಕಡೇದೆಲ್ಲ ಕಿತ್ಕಂಡೆ. ಒಂದಾದ್ರೂ ಪೂರ್ತಿ ಓದ್ದೇ ಓಗ್ಬುಟ್ಟ ನನ್ ಗಂಡ. ಎಂಥ ಕೆಟ್ಟೋಳು ನಾನು, ಯೋಳಿ ಸಾ..."

ದೇವರೇ! ಅವಳಿಗೆ ಸಮಾಧಾನವಾಗಲಿ ಅಂತ ಹೇಳಿದ ಸುಳ್ಳು. ಅದು ಹೋಗಿ ಇಲ್ಲಿ ನಿಂತಿದೆ. ನನ್ನ ತಪ್ಪನ್ನು ಇವಳು ಹೊತ್ತುಕೊಂಡು ಗಾಡಿ ಹತ್ತಿ ನನ್ನ ಮನೆಗೇ ಬಂದಿದ್ದಾಳೆ. ಬಾಯಿ ತೆರೆದೆ. ಮಜ್ಜಿಗೆ ಲೋಟವನ್ನು ಅವಳ ಕಡೆ ಸರಿಸಿದೆ.

"ನಾಳೆ ಟ್ರಂಕ್ ತತ್ತೀನಿ. ಎಲ್ಲಾ ಓದಿ ಸಾ. ಅವ್ನು ಕೂತ್ಕತಿದ್ದ ಬೆಂಚ್ನಾಗೇ ಕೂತು ಕೇಳ್ತೀನಿ. ಮೊದ್ಲು ಇದು, ಅಂಬಿಗಂದು. ಅವ್ನು ಕಡೇದಾಗಿ ಓದ್ತಿದ್ದುದು."

ಹೂಂ ಅಂದೆ. ಹೂಂ ಅಂದುಬಿಟ್ಟೆ, ಹೇಡಿ.

ಅವಳನ್ನು ಗಾಡಿ ಹತ್ತಿಸಿ ಬಂದು ಅಮ್ಮಾಜಮ್ಮನಿಗೆ ಎಲ್ಲ ಹೇಳಿದೆ. ಕೀ, ಬೀಗ, ಶ್ರೀರಾಮಪ್ಪ, ಎಲ್ಲ. ಸೊಪ್ಪು ಬಿಡಿಸುತ್ತಿದ್ದವಳು ಕೈ ನಿಲ್ಲಿಸಿದಳು. ನನ್ನನ್ನೇ ನೋಡಿದಳು, ಯಾರೋ ಹೊಸಬರನ್ನು ನೋಡುವ ಹಾಗೆ.

"ನಾಳೆ ನಿಮಗೆ ಬುತ್ತಿ ಕಟ್ಟಲ್ಲ. ಮೊದ್ಲು ಆಯಮ್ಮನಿಗೆ ಇದ್ದುದ್ ಇದ್ದಂಗೆ ಹೇಳಿ ಬನ್ನಿ. ಊಟ ಆಮೇಲೆ."

ಆಗಸ್ಟ್ ೧೦, ಲಂಚ್ ಅವರ್

ವಾಚನಾಲಯ. ಬೀಗ ಬಿಗಿದುಕೊಂಡಿತ್ತು. ಬೆಂಚು ಒರೆಸಿದೆ. ಅಂಬಿಗನ ಪುಸ್ತಕ ಎದುರಿಗಿದೆ.

ಹೇಳಿದರೆ ಏನಾಗುತ್ತದೆ? ಉಗಿಯಬಹುದು. ಲೈನಿನವರನ್ನೆಲ್ಲ ಕರೆಯಬಹುದು. ಕರೆಯಲಿ. ನೀನು ನಂಬಿದ್ದು ಸುಳ್ಳಲ್ಲ ಅಂತ ಅವಳಿಗೆ ಗೊತ್ತಾಗಬೇಕು. ಅವನ ಕಥೆಗಳನ್ನು ಅವಳು ಕಿತ್ತುಕೊಳ್ಳಲಿಲ್ಲ, ಇಷ್ಟು ವರ್ಷ ಕಾದಳು. ಕಿತ್ತುಕೊಂಡವನು ಇಲ್ಲಿ ಕೂತು ಬರೆಯುತ್ತಿದ್ದಾನೆ.

ಬಂದಳು. ತಲೆಯ ಮೇಲೆ ಟ್ರಂಕು. ನಾನೇ ಇಳಿಸಿಕೊಂಡೆ. ಅಷ್ಟೇನೂ ಭಾರವಿಲ್ಲ. ಬೆಂಚಿನ ತುದಿಯಲ್ಲಿ ಕೂತಿದ್ದಾಳೆ. ಅವನು ಕೂರುತ್ತಿದ್ದುದೂ ಅದೇ ತುದಿ, ಇವಳಿಗೆ ಹೇಗೆ ಗೊತ್ತೋ. ಪೆನ್ನು ಕೆಳಗಿಡಲು ಭಯ. "ಅದೇನ್ ಬರೀತಾ ಕೂತ್ರಿ ಸಾ? ಓದಾಕಿಲ್ವಾ?" ಅನ್ನುತ್ತಿದ್ದಾಳೆ.

ಓದುತ್ತೇನೆ. ಆದರೆ ಅದಕ್ಕೆ ಮೊದಲು ಇದನ್ನು, ಬರೆಯುತ್ತಲೇ, ಬಾಯಿಬಿಟ್ಟು ಹೇಳುತ್ತೇನೆ — ಕದಿರಮ್ಮ, ಆವತ್ತು ನಿನ್ನ ಗಂಡ ಬಂದು ಪುಸ್ತಕ ಕೇಳಿದ. ನಾನು