ಕೈಗೆಟುಕದ ಜಾಗ

ಫೆಬ್ರವರಿ 9

ಸ್ನಾನವಾದ ಮೇಲೆ ಎಂದಿನಂತೆ ಗಂಡನಿಗೆ ಮುಲಾಮು ಹಚ್ಚಿದೆ. ಸೊಂಟದ ಹಿಂಬದಿ. ಭುಜಕ್ಕೆ ಪೆಟ್ಟಾದ ಮೇಲೆ ಅವನ ಕೈ ಅಲ್ಲಿಗೆ ಎಟುಕುವುದಿಲ್ಲ. ಕೆಂಪು ಮಚ್ಚೆಗಳು ಮಾಸುತ್ತವೆ, ಮತ್ತೆ ಬರುತ್ತವೆ. ಈಜು ಕಲಿಸುವವನಿಗೆ ಕ್ಲೋರಿನ್ ಅಲರ್ಜಿ — ಮನೆಯವರೆಲ್ಲರ ತೀರ್ಮಾನ.

"ದಿನವಿಡೀ ಎಮ್ಮೆ ಥರ ನೀರಲ್ಲೇ ಬಿದ್ದಿದ್ರೆ ಇನ್ನೇನಾಗುತ್ತೆ?" — ಅತ್ತೆ.

ಫೆಬ್ರವರಿ 16

ಚರ್ಮರೋಗದ ಹೊಸ ಡಾಕ್ಟರ್. "ಪೂಲ್ ನೀರು ಮೈಗೆಲ್ಲಾ ತಾಗುತ್ತಲ್ವಾ? ಮಚ್ಚೆ ಮಾತ್ರ ಚಡ್ಡಿ ಮುಚ್ಚೋ ಕಡೆ ಯಾಕೆ?"

ಚರ್ಮದ ಲಿಂಫೋಮಾ ಇರಬಹುದಂತೆ. ಕ್ಯಾನ್ಸರ್. ನೋಡಲು ಇಸುಬಿನ ಹಾಗೇ ಇರುತ್ತದಂತೆ. ಬಯಾಪ್ಸಿಗೆ ಮೊದಲು ಕೆಲವು ವಾರ ಮುಲಾಮು ನಿಲ್ಲಿಸಬೇಕು, ಇಲ್ಲದಿದ್ದರೆ ಕಾಯಿಲೆ ಇದ್ದರೂ ಪರೀಕ್ಷೆಯಲ್ಲಿ ಕಾಣದೇ ಹೋಗಬಹುದು. "ಎಷ್ಟೇ ತುರಿಸಿದ್ರೂ ಹಚ್ಬೇಡಿ." ನನ್ನನ್ನು ನೋಡಿ ಹೇಳಿದರು.

ಫೆಬ್ರವರಿ 27

ಗೋಡೆಗೆ ಉಜ್ಜಿ ಉಜ್ಜಿ ರಕ್ತ. ನಿದ್ದೆಯಿಲ್ಲ ಅವನಿಗೆ.

"ಒಂಚೂರು ಹಚ್ಚೇ, ಪ್ಲೀಸ್. ಡಾಕ್ಟರ್ ಏನು ನಮ್ಮನೇಲಿ ಕ್ಯಾಮೆರಾ ಇಟ್ಟಿದ್ದಾರಾ?"

ನಗು ಬಂತು. ಹಚ್ಚಿದೆ. ನಾಳೆಯೂ ಕೇಳಿದರೆ? ...ಹಚ್ಚುತ್ತೇನೆ.

ಮಾರ್ಚ್ 18

ಬಯಾಪ್ಸಿ ರಿಪೋರ್ಟ್ ಬಂತು — ಇಸುಬು.

"ಮುಲಾಮು ಹಚ್ಚಿರ್ಲಿಲ್ಲ ತಾನೆ?" — ಡಾಕ್ಟರ್.

"ಇಲ್ಲ," ಅಂದೆವು. ಇಬ್ಬರೂ ಒಟ್ಟಿಗೆ, ಶಾಲೆ ಮಕ್ಕಳ ಹಾಗೆ. ಮನೆಗೆ ಬಂದು ಕುಣಿದ. ನಾನೂ ಕುಣಿದೆ. ಅತ್ತೆಗೆ ಫೋನ್ ಮಾಡಿ ಎಲ್ಲ ಹೇಳಿದೆ, ಮುಲಾಮಿನ ವಿಷಯವೊಂದನ್ನು ಬಿಟ್ಟು.

ನವೆಂಬರ್ 4

ತೊಡೆಯಲ್ಲಿ ಗಡ್ಡೆ. ಮತ್ತೆ ಬಯಾಪ್ಸಿ. ಲಿಂಫೋಮಾ. ಒಳಗೂ ಹರಡಿದೆ.

ಡಾಕ್ಟರ್ ಹಳೆಯ ರಿಪೋರ್ಟ್ ತಿರುವಿ ಅದೇ ಪ್ರಶ್ನೆ ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಅವನು — "ನಾನೇ ಹಚ್ಕೊಂಡೆ ಡಾಕ್ಟ್ರೇ. ಇವಳಿಗೆ ಗೊತ್ತೇ ಇಲ್ಲ."

ಬಟ್ಟೆ ಹಾಕಿಕೊಳ್ಳಲು ನಾನು ಅವನ ತೋಳು ಹಿಡಿದು ತೂರಿಸುವುದನ್ನು ಡಾಕ್ಟರ್ ನೋಡುತ್ತಿದ್ದರು. ಹಳೆಯ ರಿಪೋರ್ಟ್ ಮುಚ್ಚಿಟ್ಟರು. ಆಗಲೇ ಗೊತ್ತಾಗಿದ್ದರೆ ವಾಸಿಯಾಗುತ್ತಿತ್ತೇ? ನಾನು ಕೇಳಲಿಲ್ಲ. ಹೌದು ಅಂದುಬಿಟ್ಟರೆ?

ಜನವರಿ 22, ಆಸ್ಪತ್ರೆ

ಮಾತು ಕಡಿಮೆಯಾಗಿದೆ. ಇವತ್ತು ಅವನನ್ನೇ ಕೇಳಿಬಿಟ್ಟೆ. "ನನ್ಮೇಲೆ ಕೋಪ ಇಲ್ವಾ?"

ಚಾವಣಿ ನೋಡುತ್ತಲೇ ಅಂದ.

"ಹುಚ್ಚಿ... ನೆಮ್ಮದಿಯಾಗಿ ಮಲಗಿದ್ದು ಅಂದ್ರೆ ನೀನು ಹಚ್ಚಿದ ಆ ನಾಲ್ಕು ದಿನಾನೇ ಕಣೆ."

ಅವನಿಗೆ ಒಂದು ಮಾತು ಹೇಳಬೇಕಿತ್ತು, ಡಾಕ್ಟರಿಗೆ ನಿಜ ನಾನೇ ಹೇಳ್ತೀನಿ ಅಂತ. ಅಷ್ಟರಲ್ಲಿ ಕಣ್ಣು ಮುಚ್ಚಿದ್ದ. ಎದ್ದ ಮೇಲೆ ಹೇಳೋಣ ಅಂತ ಕಾದೆ. ಅವನು ಏಳಲೇ ಇಲ್ಲ.