ಎರಡು ಮೀಟರ್ ಕೆಳಗಿನ ನೀರು

ಪದ್ಮನಾಭನಗರ
೧೭ ನವೆಂಬರ್ ೨೦೨೪

ಪ್ರೀತಿಯ ಕಾತ್ಯಾಯಿನಿ,

ನಿನ್ನ ಪತ್ರ ಬಂದು ಎರಡು ತಿಂಗಳಾಯಿತು. ಜೊತೆಗಿದ್ದ ಕವಿತೆಗಳನ್ನು ಮೂರು ಸಲ ಓದಿದೆ, ಉತ್ತರ ಮಾತ್ರ ಬರೆಯಲಿಲ್ಲ. ಬಯ್ದುಕೊಂಡಿರುತ್ತೀಯ, ಬಯ್ಯಿ.

ಜರಗನಹಳ್ಳಿಯ ಹತ್ತಿರ, ಕೆರೆ ಮುಚ್ಚಿದ ಜಾಗದಲ್ಲಿ ಒಂದು ಅಪಾರ್ಟ್‌ಮೆಂಟ್ ಏಳುತ್ತಿದೆ. ಮಣ್ಣುಪರೀಕ್ಷೆ ನಮ್ಮ ಕಂಪನಿಯದು, ವರದಿಯ ಸಹಿ ನನ್ನದು. ಹತ್ತು ಮೀಟರ್‌ವರೆಗೂ ನೀರಿಲ್ಲವೆಂದು ಅದರಲ್ಲಿದೆ. ಅದನ್ನು ನಂಬಿ, ಉಕ್ಕಿನ ಹಲಗೆಗಳನ್ನು ಅದುರಿಸುತ್ತ ನೆಲಕ್ಕಿಳಿಸುವ ಯಂತ್ರ ತಂದರು. ನೀರು ಎರಡೇ ಮೀಟರ್ ಕೆಳಗಿತ್ತು.

ಎಂ.ಟೆಕ್‌ನಲ್ಲಿ ಮೇಷ್ಟ್ರು ಒದ್ದೆ ಮರಳಿನ ಮೇಲೆ ಇಟ್ಟಿಗೆ ಇಟ್ಟು ಗಾಜಿನ ತೊಟ್ಟಿಯನ್ನು ತಟ್ಟಿದ್ದು ನೆನಪಿದೆಯಾ? ಇಟ್ಟಿಗೆ ಸದ್ದಿಲ್ಲದೆ ಮುಳುಗಿತ್ತು. ಕಣಗಳ ನಡುವಿನ ನೀರಿಗೆ ಹೊರಹೋಗಲು ಪುರುಸೊತ್ತು ಕೊಡದೆ ಅದುರಿಸಿದರೆ, ಭಾರವನ್ನೆಲ್ಲ ನೀರೇ ಹೊರುತ್ತದೆ. ಕಣಗಳ ಕೈ ಒಂದರಿಂದೊಂದು ಬಿಟ್ಟುಹೋಗುತ್ತದೆ. ಆಮೇಲೆ ನೆಲ ನೆಲವಾಗಿರುವುದಿಲ್ಲ.

ಯಂತ್ರ ಅದುರಿಸತೊಡಗಿದ್ದೇ, ಸೈಟಿನ ಪಕ್ಕದ ಮನೆಯ ಶಿವಬಸಮ್ಮನವರ ಅಡುಗೆಮನೆಯ ನೆಲ ಬಿರಿದು, ಕೆಸರುಮರಳು ಉಕ್ಕಿತು. ಒಂದು ಗೋಡೆ ಗೇಣುದ್ದ ಕುಸಿದಿದೆ. "ನಲ್ಲಿಯಲ್ಲಿ ನೀರು ಬರಲ್ಲ ಅಂತ ದಿನಾ ಕೂಗಾಡ್ತಿದ್ದೆ. ನೋಡಿ ಮೇಡಂ, ನೆಲದಿಂದಾನೇ ಕಳ್ಸಿದೀರ" ಎಂದರು. ನಗಲಾಗಲಿಲ್ಲ.

ಶುಕ್ರವಾರದ ಮೀಟಿಂಗ್‌ನಲ್ಲಿ ನೀರನ್ನು ತಪ್ಪಾಗಿ ಅಳೆದದ್ದು ನಮ್ಮ ನೆಲ ಕೊರೆಯುವ ಚನ್ನವೀರನೆಂದು ತೀರ್ಮಾನವಾಯಿತು. ಹದಿನಾರು ವರ್ಷದಿಂದ ನಮ್ಮಲ್ಲಿರುವ ಕೆಲಸಗಾರ. ನಾಳೆಯಿಂದ ಬರಬೇಡ ಎಂದುಬಿಟ್ಟರು. ಸೋಮವಾರ, ತಪ್ಪು ಅವನದೆಂಬ ಹೇಳಿಕೆಗೆ ನಾನು ಸಹಿ ಹಾಕಬೇಕು. ಹಾಕಿದರೆ ಈ ಊರಿನ ಯಾವ ಕಂಪನಿಯೂ ಅವನನ್ನು ಸೇರಿಸುವುದಿಲ್ಲ. ಕಾಗದ ಮೇಜಿನ ಮೇಲೇ ಇದೆ.

ಮಗಳು ಸುರಭಿಯ ಪರೀಕ್ಷೆ ಚೆನ್ನಾಗಿ ಆಗಲಿ. ಅವಳಿಗೆ ಈ ಅತ್ತೆಯ ಆಶೀರ್ವಾದ ಹೇಳು. ನಿನ್ನ ಮಂಡಿನೋವನ್ನು ಅಲಕ್ಷಿಸಬೇಡ.

ನಿನ್ನ
ಸೌಮ್ಯ

ತಾ.ಕ.: ನೀರು ಅಳೆದದ್ದು ಚನ್ನವೀರನಲ್ಲ ಕಣೇ, ನಾನು. ಯುಗಾದಿಯ ಹಿಂದಿನ ಸಂಜೆ. "ಇವತ್ತು ಕೊರ್ದಿದ್ರಲ್ಲಿ ಇವತ್ತೇ ನೀರು ನಿಲ್ಲಲ್ಲ ಮೇಡಂ, ಜಿನುಗಿ ಮೇಲೇರೋಕೆ ಒಂದು ರಾತ್ರಿ ಬೇಕು. ಹಬ್ಬ ಆದ್ರೇನು, ನಾಳೆ ನಾನೇ ಬಂದು ಅಳೀತೀನಿ" ಎಂದಿದ್ದ. "ಸಾಕು, ಗುಂಡಿ ಮುಚ್ಚಪ್ಪ" ಎಂದೆ. ಮನೆಯಲ್ಲಿ ಹೋಳಿಗೆಗೆ ಬೇಳೆ ಬೇಯಿಸುವುದಿತ್ತು. ಮೀಟಿಂಗ್‌ನಲ್ಲಿ ನಮ್ಮ ಮ್ಯಾನೇಜರ್ ಭಾರ್ಗವ "ಅಳೆದಿದ್ದು ಯಾರು?" ಎಂದು ಕೇಳಿದಾಗ ಫೈಲಿನ ಹಾಳೆ ತಿರುವುತ್ತ ಕುಳಿತೆ. ಚನ್ನವೀರ ನನ್ನ ಮುಖ ನೋಡುತ್ತ ಕಾದ. ಆಮೇಲೆ, "ನಾನೇ ಸಾರ್" ಎಂದ. ಹೊರಗೆ ಬಂದಾಗ ನನ್ನನ್ನೇ ಸಮಾಧಾನ ಮಾಡಿದ: "ಹೋಗಿ ಊಟ ಮಾಡಿ ಮೇಡಂ, ಬೆಳಗ್ಗಿಂದ ಏನೂ ತಿಂದಿಲ್ಲ ನೀವು."